ಐವತ್ತೆಂಟು ಕಿಲೋದ ಅತಿಥಿ

ಅತಿಥಿ ಸತ್ಕಾರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಕಳೆದ ಜುಲೈವರೆಗೂ ನಂಬಿದ್ದೆ. ನಾನು ದಾವಣಗೆರೆಯವನು, ಹೆಂಡತಿ ಸುಮಂಗಲಾ ಹುಬ್ಬಳ್ಳಿಯವಳು. ನಮ್ಮ ಎರಡೂ ಮನೆಗಳಲ್ಲಿ ಊಟಕ್ಕೆ ಬಂದವರು ತಾವಾಗಿ ಎದ್ದ ಉದಾಹರಣೆ ಕಡಿಮೆ. ಕೈ ಹಿಡಿದು ಎಬ್ಬಿಸಬೇಕಾದದ್ದೇ ಹೆಚ್ಚು!

ಆ ಬೇಸಿಗೆಯಲ್ಲಿ, ಅಮೆರಿಕದ ನಮ್ಮ ಮನೆಗೆ ಹತ್ತಿರದ ಡೆಟ್ರಾಯಿಟ್‌ನಲ್ಲಿ ಒಂದು ಅಂತರರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಕಾಲೇಜಿಗೆ ರಜೆ ಇದ್ದುದರಿಂದ ಮಗಳು ಸ್ನೇಹಾ ಅಲ್ಲಿ ವಾಲಂಟಿಯರ್ ಆಗಿದ್ದಳು. ಸುತ್ತಲಿನ ಊರುಗಳ ಕುಟುಂಬಗಳು ಆಟಗಾರರನ್ನು ಒಂದು ಸಂಜೆ ಮನೆಗೆ ಕರೆದು ಊಟ ಹಾಕಬಹುದು ಎಂದು ಅವಳಿಂದ ತಿಳಿದು ಕೂಡಲೇ ಫಾರ್ಮ್ ತುಂಬಿದೆ. ‘ಅತಿಥಿಗಳನ್ನು ಸತ್ಕರಿಸಿದ ಅನುಭವವಿದೆಯೇ?’ ಎಂಬ ಪ್ರಶ್ನೆಗೆ, ‘ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಗೃಹಪ್ರವೇಶ, ಇನ್ನೂರು ಜನ, ಎರಡು ಪಂಕ್ತಿ’ ಎಂದು ಉತ್ತರಿಸಿದೆ. ಅಷ್ಟರಲ್ಲಿ ದೊಡ್ಡ ದೊಡ್ಡ ದೇಶಗಳನ್ನೆಲ್ಲ ಬೇರೆಯವರು ಹಂಚಿಕೊಂಡಿದ್ದರು. ನಮಗೆ ಉಳಿದದ್ದು ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದೇಶ. ಅದರ ಹೆಸರು ಹೇಳುವುದಿಲ್ಲ. ಅಲ್ಲಿನವರಿಗೆಲ್ಲ ನನ್ನ ಹೆಸರು ಗೊತ್ತಾಗಿದೆ. ನಿಮಗೆ ಅವರದೂ ಗೊತ್ತಾದರೆ ನೀವು ನೀವೇ ಮಾತಾಡಿಕೊಳ್ಳುವ ಅಪಾಯವಿದೆ.

ಫೋನಿನ ನಕ್ಷೆಯಲ್ಲಿ ಹುಡುಕಿದೆ. ಎಷ್ಟು ಹಿಗ್ಗಿಸಿದರೂ ಬರೀ ನೀಲಿ. ಕೊನೆಗೊಂದು ಚುಕ್ಕೆ ಸಿಕ್ಕಿತು. ಅದು ಪರದೆಗೆ ಅಂಟಿದ್ದ ಸಾರಿನ ಕಲೆ. ಒರೆಸಿದ ಮೇಲೆ ಅದರ ಪಕ್ಕದಲ್ಲಿ ದೇಶ ಕಾಣಿಸಿತು.

ಇಡೀ ದೇಶದಿಂದ ಬಂದವರು ನಾಲ್ವರು ಆಟಗಾರರು. ಮೂವರ ಸ್ಪರ್ಧೆ ಮೊದಲ ಸುತ್ತಿಗೇ ಮುಗಿದಿತ್ತು, ಆ ಮೂವರೂ ಬೇರೆ ಮನೆಗಳಿಗೆ ಊಟಕ್ಕೆ ಹೋಗಿದ್ದರು. ನಾಲ್ಕನೆಯವಳೇ ನಮ್ಮ ಪಾಲಿನ ಅತಿಥಿ. ಹೆಸರು ತಿಯಾ, ಇಪ್ಪತ್ತೆರಡು ವರ್ಷ, ಭಾರ ಎತ್ತುವವಳು. ಭೀಮಸೇನನಂಥವಳು ಬರುತ್ತಾಳೆಂದು ಗಟ್ಟಿ ಕುರ್ಚಿ ಹಾಕಿ ಕಾದಿದ್ದೆ. ಕಾರಿನಿಂದ ಇಳಿದವಳು ನನ್ನ ಭುಜದೆತ್ತರದ, ಸೊಂಟ ದಾಟುವ ಜಡೆಯ, ತಲೆ ತಗ್ಗಿಸಿ ನಗುವ ಹುಡುಗಿ.

ಕರೆತಂದವರು ಅವಳ ಕೋಚ್ ರುತಾ. ಐವತ್ತು ದಾಟಿದ ಹೆಂಗಸು. ಊರಲ್ಲಿ ಬೆಳಿಗ್ಗೆ ಶಾಲೆಯ ಪಿ.ಟಿ. ಟೀಚರು, ಮಧ್ಯಾಹ್ನ ಅಂಚೆ ಕಚೇರಿಯ ಕೌಂಟರು. ಅವರಿಗೆ ಅಧಿಕಾರಿಗಳ ಮೀಟಿಂಗ್ ಇತ್ತು. ಹೊರಡುವಾಗ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದರು: “ಲೈಟ್ ಡಿನ್ನರ್, ಪ್ಲೀಸ್.”

ನಾನು ಒಳಗೆ ಹೋಗಿ ಸುಮಂಗಲಾಗೆ ತಿಳಿಸಿದೆ. ಅವಳು ಯೋಚಿಸಿ, “ಹಂಗಾರ ಹಪ್ಪಳ ಕರಿಯೂದಿಲ್ಲ ತಗೋರಿ” ಎಂದಳು.

ಕ್ರೀಡಾಕೂಟದವರು ಹನ್ನೊಂದು ಪುಟಗಳ ಸೂಚನೆಯನ್ನೂ ಕಳಿಸಿದ್ದರು. ಅದರಲ್ಲಿ ನಾನು ಓದಿದ್ದು ನನ್ನ ಹೆಸರಿದ್ದ ಮೊದಲ ಪುಟವನ್ನು.

ಊಟ ಶುರುವಾಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಚಿತ್ರಾನ್ನ, ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ. ತಿಯಾ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಬಡಿಸಿದ್ದನ್ನು ಒಂದು ಅಗುಳೂ ಬಿಡದೆ ತಿಂದಳು. ಸುಮಂಗಲಾಳ ಕಣ್ಣಲ್ಲಿ ನೀರು ಬಂತು. ನಮ್ಮ ಮಗಳು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಯಾರೂ ಹಾಗೆ ಉಂಡಿರಲಿಲ್ಲ.

“ರೀ, ಪಾಪ, ಆ ಹುಡುಗಿ ತಾಟು ಖಾಲಿ ಐತಿ. ನೋಡಕೋತ ಕುಂತೀರಲ್ಲ, ಬಡಸ್ರಿ.”

ಬಡಿಸಿದೆ. ತಿಂದಳು. ತಟ್ಟೆ ಮತ್ತೆ ಖಾಲಿ. ಮತ್ತೆ ಬಡಿಸಿದೆ. ನಾಲ್ಕನೆಯ ಹೋಳಿಗೆಯ ಹೊತ್ತಿಗೆ ಅವಳ ಹಣೆಯಲ್ಲಿ ಬೆವರಿತ್ತು, ಆದರೂ ನಗುತ್ತಿದ್ದಳು. “ಭಾರ ಎತ್ತೋಳು ಅಂದ್ರ ಹಿಂಗಿರಬೇಕು ನೋಡ್ರಿ” ಎಂದು ಸುಮಂಗಲಾ ತುಪ್ಪದ ಬಟ್ಟಲನ್ನೇ ತಂದಳು.

ಆಗ ಸ್ನೇಹಾ ಬಂದಳು. ಮೇಜಿನ ಕಡೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

“ಅಪ್ಪಾ, ವಾಟ್ ಡಿಡ್ ಯು ಡೂ? ಹರ್ ವೆಯ್-ಇನ್ ಈಸ್ ಟುಮಾರೋ ಮಾರ್ನಿಂಗ್.”

ವಿಷಯ ಇಷ್ಟು. ತಿಯಾ ಇರುವುದು ಐವತ್ತೆಂಟು ಕಿಲೋ ವರ್ಗದಲ್ಲಿ. ಮರುದಿನ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ ಅಧಿಕಾರಿಗಳು ಅವಳನ್ನು ತೂಗುತ್ತಾರೆ. ಐವತ್ತೆಂಟಕ್ಕಿಂತ ಒಂದು ಚೂರು ಹೆಚ್ಚಿದ್ದರೂ ಸ್ಪರ್ಧೆಯಿಂದ ಹೊರಗೆ. ನಾಲ್ಕು ವರ್ಷಗಳ ತಯಾರಿ, ಒಂದು ದೇಶದ ಕೊನೆಯ ಸ್ಪರ್ಧಿ, ಎಲ್ಲ ನನ್ನ ಹೋಳಿಗೆಗೆ ಆಹುತಿ. ಸೂಚನೆಯ ಏಳನೆಯ ಪುಟದಲ್ಲಿ ಇದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದಿದ್ದರಂತೆ.

“ನೀನಾದರೂ ಸಾಕು ಅನ್ನಬಾರದಿತ್ತೇನಮ್ಮಾ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ತಿಯಾ ಮೆಲ್ಲಗೆ ಹೇಳಿದಳು: “ನಮ್ಮೂರಲ್ಲಿ ತಟ್ಟೆಯಲ್ಲಿ ಬಿಟ್ಟು ಎದ್ದರೆ ಮನೆಯ ಹೆಂಗಸಿಗೆ ಅವಮಾನ. ಖಾಲಿ ಮಾಡಿದರೆ ಸಾಕು ಎಂದು ಅರ್ಥ. ನಾನು ಐದು ಸಲ ಸಾಕು ಎಂದೆ, ಅಂಕಲ್.”

ನಮ್ಮಲ್ಲೋ, ಖಾಲಿ ತಟ್ಟೆ ಕಂಡು ಬಡಿಸದಿದ್ದರೆ ಅವಮಾನ. ಅವಳ ಮರ್ಯಾದೆಗೂ ನಮ್ಮ ಮರ್ಯಾದೆಗೂ ನಡೆದ ಈ ಪಂದ್ಯ ಸ್ನೇಹಾ ಬರದಿದ್ದರೆ ಮುಗಿಯುತ್ತಲೇ ಇರಲಿಲ್ಲ.

ಬಚ್ಚಲಲ್ಲಿದ್ದ ತೂಕದ ಮಷೀನನ್ನು ಹೊರಗೆ ತಂದೆ. ಹಳೆಯದು, ಮುಳ್ಳು ತಿರುಗುವಂಥದ್ದು. ತಿಯಾ ಅದನ್ನು ಒಂದು ಕ್ಷಣ ದಿಟ್ಟಿಸಿ, ಹತ್ತಿ ನಿಂತಳು. ನೂರ ಇಪ್ಪತ್ತೇಳು ಪೌಂಡು. ಲೆಕ್ಕ ಹಾಕಿದೆವು: ಐವತ್ತೇಳೂವರೆ ಕಿಲೋ ಚಿಲ್ಲರೆ. ಬಚಾವ್! ಸುಮಂಗಲಾ ಬಸವಣ್ಣನ ಪಟಕ್ಕೆ ಕೈ ಮುಗಿದಳು. ನಾನು ಎದೆಯುಬ್ಬಿಸಿ, “ಇನ್ನೂ ಜಾಗ ಇದೆ, ಮಜ್ಜಿಗೆಯಿಂದ ಜೀರ್ಣ ಆಗುತ್ತೆ” ಎಂದು ಒಂದು ದೊಡ್ಡ ಲೋಟ ಕೊಟ್ಟೆ. ಲೋಟವನ್ನೂ ಖಾಲಿ ಮಾಡಿದಳು. ಈ ಸಲ ಸ್ನೇಹಾ ಜಗ್ಗನ್ನು ಎತ್ತಿಟ್ಟಳು.

ಮರುದಿನ ಬೆಳಿಗ್ಗೆ ಏಳಕ್ಕೆ ರುತಾರ ಫೋನು ಬಂತು. ಆಟಗಾರರು ಇಳಿದುಕೊಂಡಿದ್ದುದು ಸೌತ್‌ಫೀಲ್ಡ್‌ನ ಒಂದು ಹಾಸ್ಟೆಲಿನಲ್ಲಿ. ಅಲ್ಲಿನ ಸರಿಯಾದ ಮಷೀನಿನಲ್ಲಿ ತಿಯಾಳ ತೂಕ ಐವತ್ತೆಂಟು ಕಿಲೋ ಏಳುನೂರು ಗ್ರಾಂ. ಬೆವರಿಸಿ ಇಳಿಸೋಣವೆಂದರೆ ಹಾಸ್ಟೆಲಿನ ಉಗಿಕೋಣೆ ರಿಪೇರಿಯಲ್ಲಿತ್ತು.

ಸ್ನೇಹಾ ಆಗಲೇ ಡೌನ್‌ಟೌನಿನ ಕ್ರೀಡಾಂಗಣಕ್ಕೆ ಹೋಗಿಯಾಗಿತ್ತು. ನಾನು, ಸುಮಂಗಲಾ ಹಾಸ್ಟೆಲಿಗೆ ಓಡಿದೆವು. ಮಿಷಿಗನ್‌ನ ಯಾವ ಮನೆಯಲ್ಲಿ ಏನಿಲ್ಲದಿದ್ದರೂ ಸ್ನೋ ಜಾಕೆಟ್ ಇದ್ದೇ ಇರುತ್ತದೆ. ಎರಡು ಜಾಕೆಟ್ಟು, ಉಣ್ಣೆ ಟೋಪಿ, ನನ್ನ ಹಿಮದ ಪ್ಯಾಂಟು, ಎಲ್ಲವನ್ನೂ ತಿಯಾಳಿಗೆ ತೊಡಿಸಿ ಕಾರಿನಲ್ಲಿ ಕೂರಿಸಿದೆವು. ಹೊರಗೆ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ಕಿಟಕಿ ಮುಚ್ಚಿ ಹೀಟರ್ ಪೂರ್ತಿ ತಿರುಗಿಸಿದೆ. ಪಕ್ಕದಲ್ಲಿ ಕೂತ ರುತಾ ಅಪ್ಪಣೆ ಕೊಟ್ಟರು: “ಒಂಬತ್ತರವರೆಗೆ ತಲುಪಬೇಡಿ. ಸುತ್ತಿಸುತ್ತಿರಿ.” ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಡ್ರೈವಿಂಗ್ ಬಗ್ಗೆ ಯಾರಾದರೂ ಅವಸರ ಬೇಡ ಅಂದಿದ್ದರು.

“ಅಲ್ರೀ, ನಮ್ಮ ಮಷೀನು ಬರೋಬ್ಬರಿ ತೋರ್ಸತಿತ್ತಲ್ಲ, ರಾತ್ರಿ ಹೆಂಗ ತಪ್ತು?” ಎಂದು ಸುಮಂಗಲಾ ಹಿಂದಿನ ಸೀಟಿನಿಂದ ಕೇಳಿದಳು.

ಆಗ ನನಗೆ ನೆನಪಾಯಿತು. ಎರಡು ತಿಂಗಳ ಹಿಂದೆ ಡಾಕ್ಟರು ತೂಕ ಇಳಿಸಲು ಹೇಳಿದ್ದರು. ಪ್ರತಿ ಭಾನುವಾರ ಸುಮಂಗಲಾ ನನ್ನನ್ನು ಮಷೀನಿನ ಮೇಲೆ ನಿಲ್ಲಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಸಂಸಾರದ ಶಾಂತಿಗಾಗಿ ನಾನು ಮಷೀನಿನ ಅಡಿಯ ತಿರುಪನ್ನು ಕೊಂಚ ತಿರುಗಿಸಿ ಮುಳ್ಳನ್ನು ಸೊನ್ನೆಯಿಂದ ಮೂರು ಪೌಂಡು ಹಿಂದಕ್ಕೆ ಸರಿಸಿದ್ದೆ. ಅಷ್ಟೇ.

“ಹಳೇದಾಯ್ತು” ಎಂದೆ. ನನ್ನ ಮುಖದಲ್ಲಿ ನೀರಿಳಿಯುತ್ತಿತ್ತು. ಪುಣ್ಯಕ್ಕೆ ಹೀಟರ್ ಇತ್ತು.

ತಿಯಾ ಮಾತ್ರ ಗೊಣಗಲಿಲ್ಲ. ಟೋಪಿಯೊಳಗಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಊರಲ್ಲಿ ಮೀನು ಕೂಡಿಡುವ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಾಳಂತೆ. ಭಾರದ ಬಿಲ್ಲೆಗಳು ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವೆ. ವಾರಕ್ಕೊಮ್ಮೆ ತೆಂಗಿನೆಣ್ಣೆ ಹಚ್ಚಿ ಒರೆಸುತ್ತಾಳಂತೆ. ತನ್ನ ಸರದಿಯ ಹೊತ್ತಿಗೆ ಅಲ್ಲಿ ಇನ್ನೂ ನಸುಕು, ಆದರೂ ಊರವರೆಲ್ಲ ಎದ್ದು ಚರ್ಚಿನ ಮುಂದೆ ರೇಡಿಯೋ ಇಟ್ಟುಕೊಂಡು ಕೂತಿರುತ್ತಾರೆ, ರುತಾ ಫೋನಿನಲ್ಲೇ ಕಾಮೆಂಟರಿ ಕೊಡಬೇಕು ಎಂದಳು. ಇದನ್ನೆಲ್ಲ ದೂರಿನಂತೆ ಹೇಳಲಿಲ್ಲ, ಮನೆಯ ಸುದ್ದಿಯಂತೆ ಹೇಳಿದಳು. ನನಗೆ ನಾಚಿಕೆಯಾಯಿತು. ನಮ್ಮ ಬಡಾವಣೆಯ ಜಿಮ್ಮಿನಲ್ಲಿ ಎ.ಸಿ. ಸಾಲದೆಂದು ದೂರು ಬರೆದು ಅಲ್ಲಿಗೆ ಹೋಗುವುದನ್ನೇ ಬಿಟ್ಟವನು ನಾನು.

ಎರಡನೆಯ ಸುತ್ತಿನಲ್ಲಿ ಹೈವೇ ಮೇಲೆ ಹಿಂದಿನಿಂದ ಕೆಂಪು, ನೀಲಿ ದೀಪ ಮಿನುಗಿದವು. ಗಾಜೆಲ್ಲ ಹಬೆಗಟ್ಟಿ ಕಾರು ಇಡ್ಲಿ ಪಾತ್ರೆಯಂತಾಗಿತ್ತು. ಪೊಲೀಸ್ ಅಧಿಕಾರಿ ಕಿಟಕಿ ಇಳಿಸಲು ಹೇಳಿದ.

“ಇಳಿಸಬೇಡಿ” ಎಂದರು ರುತಾ.

ಎರಡು ಬೆರಳಷ್ಟು ಇಳಿಸಿದೆ. ಅವನು ಬಗ್ಗಿ ನೋಡಿದ. ಬೆವರಿನಲ್ಲಿ ತೊಯ್ದ ಮೂವರು ನಡುವಯಸ್ಸಿನವರು, ಜುಲೈ ತಿಂಗಳಲ್ಲಿ ಸ್ನೋ ಜಾಕೆಟ್ ತೊಟ್ಟ ಒಬ್ಬ ಹುಡುಗಿ.

“ಮ್ಯಾಮ್, ನೀವು ನಿಮ್ಮ ಇಷ್ಟದಿಂದಲೇ ಈ ಕಾರಿನಲ್ಲಿದ್ದೀರಾ?”

ತಿಯಾ ಕೊರಳಿನ ಗುರುತಿನ ಚೀಟಿ ತೋರಿಸಿ ದೇಶದ ಹೆಸರು ಹೇಳಿದಳು. “ಕೇಳಿಲ್ಲವಲ್ಲ” ಎಂದ ಅವನು.

“ಹನ್ನೆರಡು ಗಂಟೆಗೆ ಕೇಳುತ್ತೀರಿ” ಎಂದಳು ತಿಯಾ.

ರುತಾ ತೂಕದ ಕಥೆಯನ್ನು ಎರಡೇ ಮಾತಿನಲ್ಲಿ ಹೇಳಿದರು. ಅವನು, ಇನ್ನೂ ಎಷ್ಟು ಇಳಿಯಬೇಕು ಎಂದು ಕೇಳಿ, ಮುಂದಿನ ಗಾಜನ್ನಾದರೂ ಒರೆಸಿಕೊಳ್ಳಿ ಎಂದು ನನಗೆ ಬುದ್ಧಿ ಹೇಳಿ, ಟೋಪಿ ಮುಟ್ಟಿ ಅವಳಿಗೆ ವಂದಿಸಿ ಹೋದ.

ಒಂಬತ್ತಕ್ಕೆ ಕ್ರೀಡಾಂಗಣ ತಲುಪಿದೆವು. ತೂಗುವ ಕೋಣೆಗೆ ತಿಯಾ ಮತ್ತು ರುತಾ ಹೋದರು. ನಾವು ಸ್ನೇಹಾಳೊಂದಿಗೆ ಹೊರಗೆ ನಿಂತೆವು. ಬಾಗಿಲು ತೆರೆಯಿತು. ಐವತ್ತೆಂಟು ಕಿಲೋ, ನೂರು ಗ್ರಾಂ.

ಸಮಯ ಮುಗಿಯುವವರೆಗೆ ಮತ್ತೆ ಮತ್ತೆ ತೂಗಿಸಿಕೊಳ್ಳಬಹುದು. ಆದರೆ ಕಾರಿಡಾರಿನಲ್ಲಿ ಓಡಿದರೂ ಅವಳ ಮೈಯಲ್ಲಿ ಬೆವರೇ ಉಳಿದಿರಲಿಲ್ಲ. ಹತ್ತಕ್ಕೆ ಹದಿನೈದು ನಿಮಿಷವಿತ್ತು. ತಿಯಾ ನೆಲದ ಮೇಲೆ ಕೂತು, ಜಡೆಯನ್ನು ಮುಂದಕ್ಕೆ ತಂದುಕೊಂಡು ಒಂದು ಸಲ ಸವರಿದಳು. “ಕತ್ತರಿ ಇದೆಯಾ, ಆಂಟಿ?” ಎಂದಳು.

ಸ್ನೇಹಾ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಕತ್ತರಿ ತಂದಳು. ಸುಮಂಗಲಾ ಅದನ್ನು ಇಸಿದುಕೊಂಡು ಜಡೆ ನೋಡಿದಳು. “ಇಷ್ಟುದ್ದ ಜಡಿ, ಅವರವ್ವ ಎಷ್ಟು ಎಣ್ಣಿ ಹಚ್ಚಿ ಬೆಳಸಿರಬೇಕು. ನನ್ನ ಕೈಲೆ ಆಗಂಗಿಲ್ಲ ಬಿಡ್ರಿ” ಎಂದಳು. ಅವಳ ಮಾತು ಅರ್ಥವಾಗದಿದ್ದರೂ ತಿಯಾ ಅವಳ ಕೈ ಹಿಡಿದು ಕತ್ತರಿಯನ್ನು ತಾನೇ ಜಡೆಯ ಬುಡಕ್ಕೆ ಇಟ್ಟುಕೊಂಡಳು. ಸುಮಂಗಲಾ ಅಳುತ್ತಾ ಕತ್ತರಿಸಿದಳು. ನನಗೆ ನೋಡಲಾಗಲಿಲ್ಲ, ಗೋಡೆಯ ಕಡೆ ತಿರುಗಿದೆ. ಜೀವನದಲ್ಲಿ ಬಹಳ ಸಲ ಪೆದ್ದನಾಗಿದ್ದೇನೆ, ಆದರೆ ನನ್ನ ಪೆದ್ದುತನಕ್ಕೆ ಇನ್ನೊಬ್ಬರು ಹೀಗೆ ಬೆಲೆ ತೆತ್ತದ್ದನ್ನು ನೋಡಿರಲಿಲ್ಲ.

ಐವತ್ತೆಂಟು ಕಿಲೋ. ಮೇಲೆ ಸೊನ್ನೆ ಗ್ರಾಂ.

ತೂಕ ಮುಗಿದ ಕೂಡಲೇ ರುತಾ, “ಈಗ ಇವಳಿಗೆ ಏನಾದರೂ ತಿನ್ನಿಸಬೇಕು, ಸಿಹಿ ಇದ್ದರೆ ಒಳ್ಳೆಯದು” ಎಂದರು. ಎಲ್ಲರೂ ಸುಮಂಗಲಾಳ ಕೈಚೀಲದ ಕಡೆ ನೋಡಿದೆವು. ಉಳಿದಿದ್ದ ಹೋಳಿಗೆಯ ಡಬ್ಬಿ ಅದರಲ್ಲಿತ್ತು. ಅವಳು ಡಬ್ಬಿ ಇಲ್ಲದೆ ಮನೆಯ ಹೊಸ್ತಿಲು ದಾಟಿದವಳಲ್ಲ.

ಹನ್ನೆರಡರ ಹೊತ್ತಿಗೆ ತಿಯಾಳ ಕೊನೆಯ ಸರದಿ ಬಂತು. ಅಷ್ಟರಲ್ಲಿ ಮೂರು ಪ್ರಯತ್ನಗಳಲ್ಲಿ ಎರಡು ವಿಫಲವಾಗಿದ್ದವು, ಪದಕದ ಆಸೆ ಮುಗಿದಿತ್ತು. ಮುಂದಿದ್ದದ್ದು ನೂರು ಕಿಲೋ. ಐವತ್ತು ಕಿಲೋದ ಎರಡು ಅಕ್ಕಿಮೂಟೆ. ಅವಳ ದೇಶದ ಯಾವ ಹೆಣ್ಣೂ ಅದುವರೆಗೆ ಎತ್ತಿರದ ಭಾರ. ಮೋಟುಗೂದಲಿನ ಆ ಪುಟ್ಟ ಹುಡುಗಿ ವೇದಿಕೆಗೆ ಬಂದು ಕಣ್ಣು ಮುಚ್ಚಿದಳು, ನಮ್ಮ ಊಟದ ಮೇಜಿನಲ್ಲಿ ಮುಚ್ಚಿದ ಹಾಗೆಯೇ. ಬಗ್ಗಿ ಸರಳನ್ನು ಹಿಡಿದಳು. ಭಾರ ಎದೆಯವರೆಗೆ ಬಂತು. ಅಲ್ಲಿ ನಿಂತಿತು. ಅವಳ ಮೊಣಕಾಲು ನಡುಗುವುದು ಇಪ್ಪತ್ತನೆಯ ಸಾಲಿನಲ್ಲಿದ್ದ ನನಗೂ ಕಾಣಿಸಿತು. ಆಮೇಲೆ ಒಂದೇ ಉಸಿರಿಗೆ ಅದು ತಲೆಯ ಮೇಲಿತ್ತು. ತೋಳುಗಳು ಅಲುಗಲಿಲ್ಲ. ನಾನು ಚಪ್ಪಾಳೆ ತಟ್ಟುವುದನ್ನೂ ಮರೆತೆ. ಮನುಷ್ಯ ಮಾತ್ರದವರಿಗೆ ಇಷ್ಟು ಸಾಧ್ಯವೆಂದು ನನಗೆ ಗೊತ್ತಿರಲಿಲ್ಲ. ಅದೂ ನನ್ನಂಥವನ ಮನೆಯಲ್ಲಿ ಉಂಡ ಮೇಲೆ.

ನಾವು ಕೆಳಗಿಳಿದು ಓಡಿದಾಗ ವೇದಿಕೆಯ ಬದಿಯಲ್ಲಿ ರುತಾ ಫೋನು ಕಿವಿಗಿಟ್ಟುಕೊಂಡು ಕಾಮೆಂಟರಿ ಮರೆತು ಅಳುತ್ತಿದ್ದರು. ಆ ಕಡೆಯಿಂದ ಒಂದಿಡೀ ದೇಶ ಕೂಗುತ್ತಿದ್ದದ್ದು ನಮಗೆಲ್ಲ ಕೇಳಿಸಿತು.

ತಿಯಾಳಿಗೆ ಏಳನೆಯ ಸ್ಥಾನ. ನಾವು ಅಭಿನಂದಿಸಲು ಅಭ್ಯಾಸದ ಕೋಣೆಗೆ ಹೋದೆವು. ಅಲ್ಲಿ ಮೂಲೆಯಲ್ಲೊಂದು ತೂಕದ ಮಷೀನು ಇತ್ತು. ಅದನ್ನು ನೋಡಿ ಅವಳಿಗೆ ಏನೋ ನೆನಪಾಯಿತು.

“ಅಂಕಲ್, ನಿಮ್ಮ ಮನೆಯ ಮಷೀನಿನಲ್ಲಿ ಯಾರೂ ಹತ್ತುವ ಮೊದಲೇ ಮುಳ್ಳು ಸೊನ್ನೆಗಿಂತ ಮೂರು ಗೆರೆ ಹಿಂದೆ ಇತ್ತು. ಪೌಂಡು ಅಂದರೆ ಅಲ್ಲಿಂದಲೇ ಶುರುವಾಗುತ್ತದೇನೋ ಅಂದುಕೊಂಡೆ. ಅತಿಥಿಯಾಗಿ ಬಂದು ನಿಮ್ಮ ಮನೆಯ ವಸ್ತುವನ್ನು ಸರಿಯಿಲ್ಲ ಅನ್ನುವುದು ಹೇಗೆ ಎಂದು ಕೇಳಲಿಲ್ಲ.”

ಸುಮಂಗಲಾ ನನ್ನ ಕಡೆ ತಿರುಗಿದಳು. ಎರಡು ತಿಂಗಳ ಭಾನುವಾರಗಳು ಅವಳ ಕಣ್ಣ ಮುಂದೆ ಒಂದೊಂದಾಗಿ ಹಾದುಹೋಗುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು.

“ಹತ್ರಿ” ಎಂದಳು.

ಬೂಟು ಬಿಚ್ಚಿದೆ. ಬೆಲ್ಟು, ಗಡಿಯಾರ, ಕಾರಿನ ಕೀಲಿ, ಕನ್ನಡಕ, ಒಂದೊಂದಾಗಿ ತೆಗೆದು ಸ್ನೇಹಾಳ ಕೈಗಿಟ್ಟೆ. ಇನ್ನೇನು ಕಳಚಬಹುದೆಂದು ಯೋಚಿಸಿದೆ. ಸುಮಂಗಲಾಳ ಕೈಚೀಲದಿಂದ ಆ ಕತ್ತರಿ ಇನ್ನೂ ಇಣುಕುತ್ತಿತ್ತು. ಆಸೆಯಿಂದ ತಲೆಯ ಮೇಲೆ ಕೈಯಾಡಿಸಿಕೊಂಡೆ. ಅಲ್ಲಿ ಹತ್ತು ವರ್ಷಗಳಿಂದ ಕತ್ತರಿಸಲು ಏನೂ ಇಲ್ಲ.