ರುದ್ರಪ್ಪ ಮೇಷ್ಟ್ರಿಗಾಗಿ ಕಾರಿನ ಸದ್ದು ಅಡಗಿಸಿದ್ದು

ಒಬ್ಬನೇ ಇರುವ ಮನುಷ್ಯನಿಗೆ ಮಾತು ಜಾಸ್ತಿ ಎನ್ನುತ್ತಾರೆ. ನಾನಿದನ್ನು ಒಪ್ಪುವುದಿಲ್ಲ. ಮನೆಯಲ್ಲಿ ಆಡದೆ ಉಳಿದದ್ದೆಲ್ಲ ಸಿಕ್ಕಿದವರ ಮುಂದೆ ಒಟ್ಟಿಗೆ ಹೊರಬರುತ್ತದೆ, ಅಷ್ಟೆ. ಹೆಂಡತಿ ತೀರಿಕೊಂಡ ಮೇಲೆ ತರೀಕೆರೆಯ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಕುಕ್ಕರು. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಅಜ್ಜಂಪುರದಲ್ಲಿ ನನ್ನದೊಂದು ಮೆಡಿಕಲ್ ಶಾಪು ಇದೆ. ಅಲ್ಲಿ ದಿನವಿಡೀ ಆಡುವ ಮಾತು ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ’ ಎಂಬುದಷ್ಟೇ. ಹಾಗಾಗಿ ನನ್ನ ಬದುಕಿನ ಮಾತುಕತೆಯೆಲ್ಲ ನಡೆಯುತ್ತಿದ್ದದ್ದು ಆ ಎರಡು ಊರುಗಳ ನಡುವೆ, ನನ್ನ ಹಳೆಯ ಕಾರಿನಲ್ಲಿ. ಕೇಳುವವರು ರುದ್ರಪ್ಪ ಮೇಷ್ಟ್ರು.

ಮೇಷ್ಟ್ರು ನಮ್ಮ ಬೀದಿಯವರು. ಅಜ್ಜಂಪುರದ ಹತ್ತಿರ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಾರೆ. ಮೂರು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತು ಓಡಾಡಿದರು. ಬಹಳ ಮಿತಭಾಷಿ ಎಂದು ನಾನು ಎಲ್ಲರ ಮುಂದೆ ಹೊಗಳುತ್ತಿದ್ದೆ. ಒಂದು ಸಂಜೆ ಮನೆಯ ಮುಂದೆ ಇಳಿದವರು ಬಾಗಿಲು ಹಾಕದೆ ನಿಂತರು.

“ತಪ್ಪು ತಿಳ್ಕೋಬೇಡಿ ಸಾರ್. ಈ ಕಾರಿನ ಸದ್ದಿಗೆ ತಲೆ ಸಿಡಿದು ಹೋಯ್ತದೆ. ನಾಳೆಯಿಂದ ಬಸ್ಸಲ್ಲೇ ಹೋಯ್ತೀನಿ.”

ನಮ್ಮ ಬಸ್ಸು ಹೊರಟರೆ ಕಿಟಕಿ, ಸೀಟು, ಟಾಪು ಎಲ್ಲ ಒಟ್ಟಿಗೆ ಒದರುತ್ತವೆ ಎಂಬ ವಿಷಯ ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಮರುದಿನ ಅವರ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಅವರ ಹೆಂಡತಿ ಹೊರಗೆ ಬಂದು, “ಅವ್ರು ಆಗ್ಲೇ ಬಸ್ಸಿಗೆ ಹೋದ್ರಲ್ಲಣ್ಣ” ಎಂದರು. ನನಗೂ ಗೊತ್ತಿತ್ತು. ಆದರೂ ಹಾರ್ನ್ ಹೊಡೆದಿದ್ದೆ. ಆ ವಾರವೆಲ್ಲ ದಾರಿಯುದ್ದಕ್ಕೂ ಟೈರಿನ ಗುಂಯ್ ಸದ್ದೊಂದೇ ಜೊತೆ. ಎಡಗಡೆಯ ಖಾಲಿ ಸೀಟಿನ ಕಡೆ ಎರಡು ಸಲ ತಿರುಗಿ, “ಏನಂತೀರಿ ಮೇಷ್ಟ್ರೇ?” ಎಂದೂ ಕೇಳಿಬಿಟ್ಟೆ.

ಸದ್ದೇ ತೊಂದರೆಯಾದರೆ ಸದ್ದನ್ನೇ ಅಡಗಿಸೋಣ ಎಂದು ಕಡೂರಿಗೆ ಹೋದೆ. ಅಲ್ಲಿ ಕಾರಿಗೆ ಸೀಟು ಕವರು ಹಾಕುವ ಅಂಗಡಿಯ ನಂಜಪ್ಪ ಬಾಗಿಲಿಗೆ ಬೆರಳಿನಿಂದ ತಟ್ಟಿ, ವೈದ್ಯರಂತೆ ಕಿವಿಗೊಟ್ಟು ಕೇಳಿದ. “ಒಳ್ಗೆ ಬರೀ ತಗಡು ಕಣ್ರೀ. ಡಬ್ಬ ಇದ್ದಂಗೈತೆ. ಬಾಗ್ಲಿಗೆಲ್ಲ ಸದ್ದು ತಡೆಯೋ ಶೀಟ್ ಅಂಟಿಸಿ, ನೆಲಕ್ಕೆ ಫೋಮ್ ಹಾಕಿ, ಬಾಗ್ಲಂಚಿನ ರಬ್ಬರ್ ಬೀಡಿಂಗ್ ಬದ್ಲಾಯಿಸ್ಬೇಕು” ಎಂದ. ಸೀಟುಗಳನ್ನು ಕಿತ್ತು ಹೊರಗಿಟ್ಟಾಗ ನನ್ನ ಕಾರು, ಬಾಡಿಗೆಯವರು ಖಾಲಿ ಮಾಡಿಹೋದ ಮನೆಯಂತೆ ಕಂಡಿತು. ಎಡಗಡೆ ಸೀಟಿನ ಅಡಿಯಿಂದ ನಂಜಪ್ಪ ಒಂದು ಹಿಡಿ ಹತ್ತಿಯ ಉಂಡೆಗಳನ್ನು ಬಾಚಿ ತೆಗೆದು, “ಇದೇನ್ ಸಾರ್, ಇಲಿ ಗೂಡು ಕಟ್ಟಿತ್ತಾ?” ಎಂದ. ಮೇಷ್ಟ್ರು ಬಣ್ಣ ಒರೆಸಲು ಬೇಕೆಂದು ನನ್ನ ಅಂಗಡಿಯಿಂದಲೇ ಹತ್ತಿ ಒಯ್ಯುತ್ತಿದ್ದರು. ಪಾಪ, ಕಿವಿಗೆ ಇಟ್ಟುಕೊಳ್ಳುವಷ್ಟು ಕಷ್ಟಪಟ್ಟಿದ್ದಾರೆ ಈ ಸದ್ದಿಗೆ ಎಂದು ನನ್ನ ಕಣ್ಣು ತುಂಬಿ ಬಂತು.

ಭಾನುವಾರ ಮೇಷ್ಟ್ರನ್ನು ಬಲವಂತ ಮಾಡಿ ಹತ್ತಿಸಿಕೊಂಡು ಬುಕ್ಕಾಂಬುಧಿ ಕೆರೆಯ ಕಡೆ ಹೊರಟೆ. ಟೈರಿನ ಸದ್ದು ಎಲ್ಲೋ ದೂರದಲ್ಲಿತ್ತು. ಶೀಟು, ಫೋಮು, ಬೀಡಿಂಗು ಎಂದು ನಾನು ಎಲ್ಲವನ್ನೂ ವಿವರಿಸಿದೆ. ನನ್ನ ದನಿ ನನಗೇ ಎಷ್ಟು ಚೆನ್ನಾಗಿ ಕೇಳುತ್ತಿತ್ತೆಂದರೆ ವಿವರಿಸಿದ್ದನ್ನೇ ಇನ್ನೊಮ್ಮೆ ವಿವರಿಸಿದೆ. ಕೆರೆ ಏರಿ ಬಂದಾಗ ಮೇಷ್ಟ್ರು, “ಸ್ವಲ್ಪ ನಿಲ್ಲಿಸಿ ಸಾರ್” ಎಂದರು.

ನಿಲ್ಲಿಸಿದೆ.

“ಸದ್ದು ಕಾರಿಂದಲ್ಲ ಸಾರ್. ಹತ್ತಿ ಇಟ್ಕೊಂಡ್ರೂ ನಿಮ್ಮ ಮಾತು ನಿಲ್ತಿರ್ಲಿಲ್ಲ. ಮೊದ್ಲು ಟೈರಿನ ಸದ್ದಲ್ಲಿ ಅರ್ಧನಾದ್ರೂ ಮುಚ್ಚಿ ಹೋಗ್ತಿತ್ತು. ಈಗ ಅದೂ ಇಲ್ಲ.”

ನಾನು ನಗಲು ನೋಡಿದೆ. ಅವರು ನಗಲಿಲ್ಲ. ಬಲಗೈ ಎತ್ತಿ ನನ್ನ ಮುಂದೆ ಹಿಡಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

“ಆರು ತಿಂಗ್ಳಾಯ್ತು. ಬೋರ್ಡ್ ಮೇಲೆ ಒಂದು ಗೆರೆ ನೆಟ್ಟಗೆ ಬರ್ತಿಲ್ಲ. ಮಕ್ಕಳು ಮುಸುಮುಸು ನಗ್ತಾರೆ. ಮನೇಲಿ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಔಷಧಿ ಗೊತ್ತಿರೋರು ಅಂತ ನಿಮಗೆ ಎರಡು ಸಲ ಹೇಳ್ದೆ. ‘ರೋಡ್ ಹಿಂಗಿದ್ರೆ ಕೈ ನಡುಗದೆ ಇನ್ನೇನಾಯ್ತದೆ’ ಅಂದ್ಬಿಟ್ರಿ.”

ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಆದರೆ ನಾನು ಅನ್ನುವಂಥದ್ದೇ ಮಾತು ಅದು. ಕ್ಷಮಿಸಿ ಎನ್ನಲು ಹೊರಟರೆ ಅದೂ ಉದ್ದವಾದೀತೆಂದು ಹೆದರಿ, ಅವರ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ. ಆಮೇಲೆ ಕಾರನ್ನು ತರೀಕೆರೆಗೆ ತಿರುಗಿಸಿದೆ. ಮರುದಿನವೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಹೆದರುವಂಥದ್ದಲ್ಲ, ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ ಎಂದರು. ಆದರೂ ಮೇಷ್ಟ್ರು ಬಸ್ಸು ಬಿಡಲಿಲ್ಲ.

ಕೊನೆಗೆ ಕಾರನ್ನು ಮನೆಯಲ್ಲೇ ಬಿಟ್ಟು ನಾನೂ ಬಸ್ಸು ಹತ್ತಿದೆ. ಮೇಷ್ಟ್ರು ಮೂರನೇ ಸಾಲಿನಲ್ಲಿ ಕೂತು, ಹಿಂದಿನ ಸೀಟಿನ ಹೂವಿನವಳ ಕಡೆ ತಿರುಗಿ ಏನೋ ಹೇಳಿ ಜೋರಾಗಿ ನಗಿಸುತ್ತಿದ್ದರು. ಕಂಡಕ್ಟರೂ ನಿಂತು ಕೇಳುತ್ತಿದ್ದ. ಅವರಿಗೆ ಅಷ್ಟೊಂದು ಕಥೆಗಳು ಗೊತ್ತೆಂಬುದು ಬಸ್ಸಿಗೆಲ್ಲ ತಿಳಿದಿತ್ತು, ನನ್ನೊಬ್ಬನಿಗೆ ತಿಳಿದಿರಲಿಲ್ಲ. ಕಂಬಿ ಹಿಡಿದು ದೂರವೇ ನಿಂತೆ. ಅವರೇ ನೋಡಿ, “ಬನ್ನಿ ಸಾರ್, ಜಾಗ ಐತೆ” ಎಂದು ಸರಿದು ಕೂತರು.

ಕೂತೆ. ಇವತ್ತು ಇವರ ಮಾತು ಮಾತ್ರ ಕೇಳುವುದೆಂದು ಹಲ್ಲು ಕಚ್ಚಿಕೊಂಡೆ. ಎರಡು ಸಲ ನಾಲಗೆ ತುದಿಯವರೆಗೆ ಬಂದದ್ದನ್ನು ನುಂಗಿದೆ. ಅರ್ಧ ದಾರಿ ಕಳೆದಿರಬೇಕು. ಮೇಷ್ಟ್ರು ಕಥೆ ನಿಲ್ಲಿಸಿ, ನನ್ನ ಮುಖವನ್ನೇ ನೋಡಿ, ಗಾಬರಿಯಿಂದ ಕೇಳಿದರು: “ಯಾಕ್ ಸಾರ್, ಮೈಗೆ ಹುಷಾರಿಲ್ವಾ?”