ಅಲ್ಲಾಡದವರ ಸಿನೆಮಾ

ಸಿನೆಮಾ ತೆಗೆಯುವುದು ಬಲು ಸುಲಭ, ಕ್ಯಾಮೆರಾ ಒಂದಿದ್ದರೆ ಸಾಕು ಎಂದು ಪುಣೆಯ ಕಾಲೇಜಿನಲ್ಲಿ ರಘೋತ್ತಮನಿಗೆ ಯಾರು ಹೇಳಿದ್ದರೋ, ಅವರ ಬಾಯಲ್ಲಿ ಮಣ್ಣು ಬೀಳಲಿ! ಅವರು ಸವದತ್ತಿಯ ಅವನ ಮನೆಯವರನ್ನು ಕಂಡಿರಲಿಲ್ಲ.

ಅಪ್ಪ ಕೃಷ್ಣಾಜಿ ಆಚಾರ್ಯರು (ನ್ಯಾಯಶಾಸ್ತ್ರ ಅರೆದು ಕುಡಿದವರು, ನಕ್ಕದ್ದನ್ನು ಊರಲ್ಲಿ ಕಂಡವರಿಲ್ಲ) ತೀರ್ಪು ಕೊಟ್ಟಿದ್ದರು. "ಸೂಟಿಯೊಳಗ ಒಂದು ಸಣ್ಣ ಸಿನೆಮಾ ಮಾಡಿ ತೋರ್ಸು. ನೋಡೂಹಂಗಿದ್ರ ಮುಂಬಯಿಗೆ ಹೋಗಿ ಆ ವಿದ್ಯಾ ಕಲಿ. ಇಲ್ಲಾಂದ್ರ ಕಚೇರಿಯೊಳಗ ಕಾರಕೂನಿಕಿ ಕಾದದ."

ರಘೋತ್ತಮ ಗೆಳೆಯ ದಿಗಂಬರನ ಕ್ಯಾಮೆರಾ ಕಡ ತಂದ. ಕೀಲಿ ಕೊಟ್ಟು ಗುಂಡಿ ಒತ್ತಿದರೆ ತಾನೇ ಓಡುವಂಥದು. ಇದ್ದದ್ದು ಒಂದೇ ರೀಲು. ಹಿತ್ತಲಿನ ಮುಂಜಾವನ್ನು ತೆಗೆಯುವುದೆಂದು ನಿಶ್ಚಯವಾಯಿತು: ತಾಯಿ ಭಾಗೀರಥಿಬಾಯಿ ಕಾಳು ಕೇರುವುದು, ಚಿಕ್ಕಪ್ಪನ ಹೆಂಡತಿ ಇಂದಿರಾ ಕಾಕು ನೀರು ಸೇದುವುದು, ಹಾಲಿನ ಶಟ್ಟೆವ್ವ ಎಮ್ಮೆ ಹಿಂಡುವುದು.

ಮರುದಿನ ನೋಡಿದರೆ ಹಿತ್ತಲಿಗೆ ಲಗ್ನದ ಕಳೆ! ಹೆಂಗಸರಿಗೆ ರೇಷ್ಮೆ ಸೀರೆ, ನತ್ತು, ಕರೆಯದೆ ಬಂದ ಆಚಾರ್ಯರಿಗೆ ಜರಿ ರುಮಾಲು, ಕುರ್ಚಿ, ಎಮ್ಮೆಗೂ ಕುಂಕುಮ.

"ಅವ್ವಾ, ದಿನಾ ಉಡೂ ಸೀರಿ ಉಡಬೇಕಿತ್ತು!"

"ಆ ಮಸಿ ಸೀರಿ ಉಟಗೊಂಡು ಮಂದಿಗೆ ಮಾರಿ ತೋರಿಸ್ಲೇನೋ, ಹುಚ್ಚಪ್ಪಾ?"

ಹೋಗಲಿ ಎಂದು ಗುಂಡಿ ಒತ್ತಿದ. ಎಲ್ಲರೂ ಕಲ್ಲಾದರು. ಮೊರ ಗಾಳಿಯಲ್ಲಿ ನಿಂತಿತು, ಹಗ್ಗ ಕಾಕುವಿನ ಕೈಯಲ್ಲಿ ನಿಂತಿತು. ಕಾರಣವಿತ್ತು. ಕಾಕುವಿನ ಲಗ್ನದಲ್ಲಿ ಫೋಟೋದವನು "ಅಲ್ಲಾಡಬ್ಯಾಡ್ರಿ" ಎಂದರೂ ಆಕೆ ತುಸು ತಲೆ ತಿರುಗಿಸಿ, ಫೋಟೋದಲ್ಲಿ ಎರಡು ಮೂಗು ಬಂದಿದ್ದವು. ಅಂದಿನಿಂದ ಕ್ಯಾಮೆರಾ ಎದುರು ಅಲ್ಲಾಡದಿರುವುದು ಆ ಮನೆಯ ವ್ರತ.

"ಕಾಕು, ಹಗ್ಗಾ ಜಗ್ಗರಿ!"

"ಹೂಂ, ಮತ್ತ ಎರಡ ಮೂಗು ಬರ್ಲೇನು?" ಕಾಕು ತುಟಿ ಅಲ್ಲಾಡಿಸದೆ ಗೊಣಗಿದಳು.

"ಶಟ್ಟೆವ್ವಾ, ನೀನರ ಹಿಂಡ!"

"ಸುಮ್ಕಿರ್ರೀ ಸಣ್ಣ ಧಣ್ಯಾರ, ಉಸರ ಹಿಡದೇನಿ."

ಅತ್ತ ರೀಲು ಕರ್ ಕರ್ ಎಂದು ಓಡುತ್ತಲೇ ಇದೆ. ನಿಲ್ಲಿಸಬೇಕೆಂಬುದು ರಘೋತ್ತಮನಿಗೆ ಹೊಳೆಯಲಿಲ್ಲ. ಕ್ಯಾಮೆರಾ ಮುಕ್ಕಾಲಿಯ ಮೇಲೇ ಬಿಟ್ಟು ಓಡಿ ಕಾಕುವಿಗೆ ಹಗ್ಗ ಜಗ್ಗಿ ತೋರಿಸಿದ, ಅವ್ವನಿಗೆ ಕೈಮುಗಿದ, ಎಮ್ಮೆಯ ಕಾಲಿಗೂ ಬಿದ್ದ. ತಿರುಗಿ ಬಂದು ಕೀಲಿ ಕೊಟ್ಟ, ಮತ್ತೆ ಓಡಿದ. ರೀಲು ಮುಗಿಯಿತು. ಎಲ್ಲರೂ ಉಸಿರು ಬಿಟ್ಟರು.

ರೀಲು ಮುಂಬಯಿಯಲ್ಲಿ ತೊಳೆಸಿಕೊಂಡು ಬಂದ ಸಂಜೆ ದಿಗಂಬರ ಸಿನೆಮಾ ತೋರಿಸುವ ಯಂತ್ರ ತಂದ. ಪಡಸಾಲೆಯ ಗೋಡೆಗೆ ಧೋತರ ಕಟ್ಟಿದರು. ಮೊದಲು ಎಲ್ಲರೂ ದೇವರ ಪಟದ ಹಾಗೆ ಕಂಡರು. "ಒಂದ ಮೂಗು!" ಎಂದು ಕಾಕು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಧೋತರದ ಮೇಲೆ ಒಬ್ಬ ನುಗ್ಗಿದ. ಕುಣಿದ, ಕೂದಲು ಕಿತ್ತುಕೊಂಡ, ಎಮ್ಮೆಯ ಸೆಗಣಿಯಲ್ಲಿ ಜಾರಿ ಬಿದ್ದ. ತೀರ್ಪು ಕೊಡುವವರಂತೆ ಬಿಗಿದು ಕೂತಿದ್ದ ಆಚಾರ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ರುಮಾಲು ಬಿಚ್ಚಿಹೋಯಿತು.

ಪಾಪ, ರಘೋತ್ತಮನಿಗೆ ಆಸೆ ಹುಟ್ಟಿತು. "ಹಂಗಾರ... ಮುಂಬಯಿಗೆ ಹೋಗ್ಲೇನಪ್ಪಾ?"

"ಮುಂಬಯಿ?" ಆಚಾರ್ಯರು ಕಣ್ಣೊರೆಸಿಕೊಂಡರು. "ನಾವೆಲ್ಲಾ ಹೇಳಿ ಕೆತ್ತಿಸಿಧಂಗ ಕೂತೇವಿ. ಅಲ್ಲಾಡಿ ಕೆಡಸಿದಾಂವ ನೀ ಒಬ್ಬನ. ಮದಲ ಒಂದು ಕಡೆ ಕೂಡೂದು ಕಲಿ. ಸೋಮವಾರ ಕಚೇರಿಗೆ ಹೋಗು."

ಸಿನೆಮಾದಲ್ಲಿ ಜನ ನೋಡುವುದು ಅಲ್ಲಾಡುವವನನ್ನೇ ಎಂಬ ಪಾಠ ರಘೋತ್ತಮನಿಗೆ ಅವತ್ತು ತಿಳಿಯಿತು. ತಿಳಿದು ಏನು ಬಂತು?

"ದಿಗಂಬರಾ," ಎಂದಳು ಭಾಗೀರಥಿಬಾಯಿ, "ನಮ್ಮ ರಘು ಬೀಳೂದಷ್ಟು ಇನ್ನೊಮ್ಮಿ ಹಚ್ಚೋ."

ಹಚ್ಚಿದರು. ರಘೋತ್ತಮ ಕಂಬಕ್ಕೆ ಆತು ಕೂತಿದ್ದ. ಈ ಸಲ ಅವನೂ ಅಲ್ಲಾಡಲಿಲ್ಲ.