ದತ್ತಕ ಪತ್ರಕ್ಕೆ ನನ್ನದೊಂದು ಸಮ್ಮತಿ

ಕನ್ನಡ ಸಾಲಿಯಲ್ಲಿ ಹದಿನಾಲ್ಕು ವರ್ಷ ಪಾಠ ಹೇಳಿದವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಎದುರಿಗೆ ಕುಳಿತವರೆಲ್ಲ ಮೂರನೆಯ ಇಯತ್ತೆಯ ಮಕ್ಕಳಂತೆ ಕಾಣುತ್ತಾರೆ. ನಾವು ಹೇಳುವುದು, ಅವರು ಕೇಳುವುದು; ಜಗತ್ತು ನಡೆಯುವುದೇ ಹೀಗೆ ಎಂದು ನಂಬಿಬಿಡುತ್ತೇವೆ. ಮೊರಬದ ಹೆಣ್ಣುಮಕ್ಕಳ ಸಾಲಿಯ ಅಕ್ಕೋರಾದ ನಾನೂ ಈ ರೋಗಿಗಳಲ್ಲಿ ಒಬ್ಬಳು. ಹೀಗಾಗಿ ಮಗುವೊಂದನ್ನು ದತ್ತಕ ತೆಗೆದುಕೊಳ್ಳಲು ವಕೀಲರನ್ನು ಹಿಡಿಯಬೇಕು ಎಂದಾಗ ನಾನು ಹೆಚ್ಚೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಹೋಗುವುದು, ಹೇಳುವುದು, ಬರೆಸಿಕೊಂಡು ಬರುವುದು, ಅಷ್ಟೇ ಎಂದುಕೊಂಡಿದ್ದೆ. ಆದರೆ ಜೂನಿನಲ್ಲಿ ಮಿರಗದ ಮಳೆಯ ಹೊತ್ತಿಗೆ ನಾವು ಹಿಡಿದ ವಕೀಲರು ದಸರೆ ಹತ್ತಿರ ಬಂದರೂ ನಮ್ಮನ್ನು ಬಿಡಲಿಲ್ಲ.

ಮಗುವಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಇದು ಎಂಬತ್ತನಾಲ್ಕರ ಸುಮಾರಿನ ಮಾತು. ನಮಗೆ ಮದುವೆಯಾಗಿ ಹದಿಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರರು, ಮಠದ ಅಜ್ಜನವರು, ಬಾಜೂಮನೆಯ ಮುದುಕಿಯರು ಎಲ್ಲರೂ ತಮ್ಮ ತಮ್ಮ ಪ್ರಯೋಗ ಮುಗಿಸಿ ಕೈಚೆಲ್ಲಿದ್ದರು. ನಮ್ಮ ಯಜಮಾನರು ಊರಿನ ಸೊಸೈಟಿಯ ಕಾರ್ಯದರ್ಶಿ. ಗೊಬ್ಬರ ಎಷ್ಟು ಚೀಲ ಬಂದಿದೆ ಎಂದು ಕೇಳಿದರೆ ಹೇಳುತ್ತಾರೆ. ಅದರಾಚೆ ಒಂದು ಮಾತಾಡಿದರೆ ಮನೆಯಲ್ಲಿ ಹೋಳಿಗೆ ಮಾಡಬೇಕು. ಅವರ ಕಾಕಾನ ಮಗಳು ಶಾಂತವ್ವನನ್ನು ಕುಂದಗೋಳ ಕಡೆಯ ಕುಬಿಹಾಳಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡು ಎರಡು ವರ್ಷ, ಮನೆಯಲ್ಲಿ ನಾಲ್ಕು ಮಕ್ಕಳು, ಅವರಿವರ ಹೊಲದಲ್ಲಿ ಕೂಲಿ. ಕೊನೆಯವಳು ನೀಲಾ, ಐದು ತುಂಬಿರಲಿಲ್ಲ. ಬೇಸಿಗೆ ಸೂಟಿಗೆಂದು ನಮ್ಮಲ್ಲಿಗೆ ಬಂದವಳು ಎರಡು ತಿಂಗಳು ಉಳಿದಳು. ಕರೆದುಕೊಂಡು ಹೋಗಲು ಬಂದ ಶಾಂತವ್ವ, ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದ ನನ್ನ ಬಾಜೂ ನಿಂತು, ಹಿಂದುಮುಂದಿಲ್ಲದೆ, "ವೈನಿ, ಇಕೀನ್ನ ನೀವ ಇಟ್ಕೋರಿ. ಸಾಲಿ ಕಲೀಲಿ. ಕೊಟ್ಟಮ್ಯಾಲ ನಾ ತಿರುಗಿ ಕೇಳಂಗಿಲ್ಲ" ಎಂದಳು.

ನನ್ನ ಕೈಯಲ್ಲಿ ಹಿಂಡಿದ ಸೀರೆ ಇತ್ತು. ಅದನ್ನು ಇನ್ನೊಮ್ಮೆ ಹಿಂಡಿದೆ, ಮತ್ತೊಮ್ಮೆ ಹಿಂಡಿದೆ. ಆ ರಾತ್ರಿ ಉಂಡು ಕುಳಿತಾಗ, ಆಗಲಿ, ಆದರೆ ಕಾಗದ ಬೇಕು ಎಂದು ಹಟ ಹಿಡಿದವಳು ನಾನೇ. ಬಾಯಿಮಾತಿನ ಮೇಲೆ ಮಗುವನ್ನು ಇಟ್ಟುಕೊಳ್ಳಲು ನನಗೆ ಎದೆಗಾರಿಕೆ ಸಾಲಲಿಲ್ಲ. ಸಾಕಿ ಸಲಹಿದ ಮೇಲೆ ಯಾರೋ ಬಂದು ಕೈ ಹಿಡಿದು ಎಳೆದೊಯ್ದರೆ ಎಂಬ ಭಯ. ಅದರ ಮೇಲೆ, ತೆಗೆದುಕೊಳ್ಳುವುದಾದರೆ ತಮ್ಮ ಎರಡನೆಯ ಮಗನನ್ನು ತೆಗೆದುಕೊಳ್ಳಲಿ, ಹೆಣ್ಣು ಯಾಕೆ ಎಂದು ಯಜಮಾನರ ಅಣ್ಣ, ನಮ್ಮ ಭಾವನವರು ಆಗಲೇ ಕಟ್ಟೆಯ ಮೇಲೆ ಕೂತು ಮಾತಾಡಿದ್ದರು. ಕಾಗದ ಆಗುವವರೆಗೆ ಇರಲಿ ಎಂದು ನೀಲಾ ತಾಯಿಯ ಜೊತೆ ಕುಬಿಹಾಳಕ್ಕೆ ಹೋದಳು. ನಾವು ನವಲಗುಂದದ ಬಸ್ಸು ಹತ್ತಿದೆವು.

ವಕೀಲರಿಗೆ ಹಂಚಿನಾಳ ವಕೀಲರು ಎಂದು ಹೆಸರು. ಭೂಮಿಯ ಖಟ್ಲೆಗಳಲ್ಲಿ ಅವರನ್ನು ಬಿಟ್ಟರಿಲ್ಲ ಎನ್ನುತ್ತಿದ್ದರು. ಅವರ ಮಾಳಿಗೆಯ ಕೋಣೆಯಲ್ಲಿ ಕೆಂಪು ಅರಿವೆಯಲ್ಲಿ ಕಟ್ಟಿದ ಕಾಗದದ ಗಂಟುಗಳು ಹತ್ತಿ ಚೀಲಗಳಂತೆ ಒಟ್ಟಿದ್ದವು. ನಾನು ಬರುವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದ ವಿಷಯವನ್ನೆಲ್ಲ ಕ್ರಮವಾಗಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, ಕಣ್ಣು ತೆರೆದು, ಯಜಮಾನರ ಕಡೆ ತಿರುಗಿ, "ತಕರಾರು ಯಾರದ್ರಿ?" ಎಂದರು. ತಕರಾರು ಯಾರದೂ ಇಲ್ಲ, ತಾಯಿ ತಾನಾಗಿಯೇ ಕೊಡುತ್ತಾಳೆ ಎಂದು ನಾನು ಹೇಳಿದೆ. ಅವರು ಮತ್ತೆ ಯಜಮಾನರಿಗೇ, ತಕರಾರಿಲ್ಲದ ಕೆಲಸಕ್ಕೆ ತಮ್ಮ ಹತ್ತಿರ ಯಾಕೆ ಬಂದಿರೆಂದು ಬಹಳ ನೊಂದು ಕೇಳಿದರು. ನಾಲ್ಕು ಎಕರೆ ಎರೆಹೊಲವಿದೆ, ಅಣ್ಣನಿಗೆ ಇಬ್ಬರು ಗಂಡುಮಕ್ಕಳಿದ್ದಾರೆ ಎಂಬುದು ಹೊರಗೆ ಬಿದ್ದ ಮೇಲೆಯೇ ಅವರ ಮುಖಕ್ಕೆ ಕಳೆ ಬಂದದ್ದು. ಅಲ್ಲಿಂದ ಮುಂದೆ ಒಂದು ತಾಸು ಅವರು ಯಜಮಾನರ ಜೊತೆ ಹೊಲದ ಬಗ್ಗೆಯೇ ಮಾತಾಡಿದರು. ನಡುವೆ ಮೂರು ಸಲ ನಾನು ಮಗು ಎಂದೆ. ಮೂರು ಸಲವೂ ಅವರು, ಬಂದೆ ಅಲ್ಲಿಗೆ ಎಂದು ಕೈ ಎತ್ತಿದರು.

ಕೊನೆಗೆ ಮಗುವಿನ ಮಾತಿಗೆ ಬಂದರು. ಕೋರ್ಟಿಗೆ ಹೋಗುವ ಗರಜಿಲ್ಲ. ಹೆತ್ತವಳೇ ಕೊಡುವುದರಿಂದ ಒಂದು ದತ್ತಕ ಪತ್ರ ಬರೆದು ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಸಾಕು ಎಂದರು. ನನಗೆ ಜೀವ ಬಂದಂತಾಯಿತು. ಹಾಗಾದರೆ ಇಂಥವಳಾದ ನಾನು ಇಂಥ ಮಗುವನ್ನು ದತ್ತಕ ತೆಗೆದುಕೊಂಡಿದ್ದೇನೆ ಎಂದು ಬರೆಯಿರಿ ಎಂದೆ. ಆಗ ಅವರು ನಕ್ಕರು. ನಿಮಗೆ ತೆಗೆದುಕೊಳ್ಳಲು ಬರುವುದಿಲ್ಲ, ತೆಗೆದುಕೊಳ್ಳುವವರು ಯಜಮಾನರು, ನಿಮ್ಮದು ಬರೀ ಸಮ್ಮತಿ ಎಂದು ಕಿಟಕಿಗೆ ಹೇಳಿದರು. ಯಾಕೆ ಎಂದು ಕೇಳಿದೆ. ಲಗ್ನವಾದ ಹೆಣ್ಣುಮಗಳಿಗೆ ಆ ಹಕ್ಕಿಲ್ಲವಂತೆ. ಲಗ್ನವಾಗದಿದ್ದರೆ ಇದೆ. ಗಂಡನನ್ನು ಬಿಟ್ಟಿದ್ದರೆ ಇದೆ. "ಸಿಟ್ಟಾಗಬ್ಯಾಡ್ರಿ ಅಕ್ಕೋರ, ಕಾಯ್ದೇ ಮಾತು ಹೇಳತೇನಿ," ಎಂದು ಅವರು ಸಮಾಧಾನದ ದನಿಯಲ್ಲಿ ಮುಂದುವರಿದರು. "ಯಜಮಾನ್ರು ಇಲ್ಲದಿದ್ರ ನಿಮಗ ಅಗದಿ ಸರಳ ಆಗ್ತಿತ್ತು."

ಯಜಮಾನರು ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಳ್ಳುತ್ತಿದ್ದವರು ಹಾಗೇ ಕೈ ತಡೆದರು. ಇದ್ದೇನೆಯೋ ಇಲ್ಲವೋ ಎಂದು ತಮ್ಮನ್ನು ತಾವೇ ಕೇಳಿಕೊಂಡಂತೆ ಕಂಡಿತು. ಆಮೇಲೆ ಕುಡಿದರು. ತಿರುಗಿ ಬರುವಾಗ ಬಸ್ಸು ಅರ್ಧ ದಾರಿ ದಾಟಿದ ಮೇಲೆ, "ನಾ ಇದ್ದದ್ದ ತೊಡಕಾತು ನೋಡು," ಎಂದರು. ಮರುದಿನ ನಾನು ನಿಜವಾಗಿಯೂ ಹೋಳಿಗೆ ಮಾಡಿದೆ.

ಮುಂದಿನ ಶನಿವಾರ ಮುಂಜಾನೆಯ ಸಾಲಿ ಬಿಟ್ಟ ಕೂಡಲೇ ಮತ್ತೆ ನವಲಗುಂದ. ನನ್ನ ಸಮ್ಮತಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಅಂದು ಕೇಳಿದೆ. ಕೇಳಬಾರದಿತ್ತು. ಹೆಂಡತಿಯ ಸಮ್ಮತಿ ಬೇಕೇ ಬೇಕು, ಅದಿಲ್ಲದೆ ಇಡೀ ದತ್ತಕವೇ ಬಿದ್ದುಹೋಗುತ್ತದೆ ಎಂದರು. ನಾನು ಸ್ವಲ್ಪ ನೆಟ್ಟಗೆ ಕುಳಿತೆ. ಆದರೆ ಕೆಲವು ವಿನಾಯಿತಿಗಳಿವೆ ಎಂದು ಅವರು ಬೆರಳು ಮಡಿಚಿದರು: ಆಕೆ ಸಂಸಾರವನ್ನು ಪೂರ್ತಿ ತೊರೆದು ಸನ್ಯಾಸಿನಿಯಾಗಿದ್ದರೆ ಬೇಡ, ಧರ್ಮ ಬಿಟ್ಟಿದ್ದರೆ ಬೇಡ, ತಲೆ ಕೆಟ್ಟಿದೆಯೆಂದು ಕೋರ್ಟು ಹೇಳಿದ್ದರೆ ಬೇಡ. ಇಷ್ಟು ಹೇಳಿ, ಹಾಗೇನಾದರೂ ಇದೆಯೇ ಎಂದು ಯಜಮಾನರನ್ನು ಕೇಳಿದರು. ನಾನು ಅವರ ಎದುರಿಗೇ, ಮೂರು ಮೊಳದ ಅಂತರದಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಸಾಲಿಯ ಚೀಲ ಹೆಗಲಿಗೆ ಹಾಕಿಕೊಂಡು ಕುಳಿತಿದ್ದೆ. ಯಜಮಾನರು ನನ್ನನ್ನು ಒಂದು ಗಳಿಗೆ ನೋಡಿ, "ಸದ್ಯಕ್ಕ ಇಲ್ರಿ," ಎಂದರು. ಆ "ಸದ್ಯಕ್ಕ" ಎಂಬ ಮಾತಿಗೆ ಅವರಿಗೆ ಎರಡು ದಿನ ಮನೆಯಲ್ಲಿ ಬರೀ ಅನ್ನ ಸಾರು.

ಇನ್ನು ಆ ದತ್ತಕ ಪತ್ರ. ಓದಿ ನೋಡಿ, ಸರಿಯಿದ್ದರೆ ಸಹಿಗೆ ದಿನ ಗೊತ್ತುಮಾಡೋಣ ಎಂದು ಸ್ಟಾಂಪ್ ಪೇಪರಿನ ಮೇಲೆ ಟೈಪು ಮಾಡಿಸಿ ಕೊಟ್ಟರು. ನಾನು ಮನೆಗೆ ತಂದು ಓದಿದೆ. ಹೊಲ ಮಾರುವ ಕಾಗದವೊಂದನ್ನು ಮುಂದಿಟ್ಟುಕೊಂಡು ಟೈಪಿಸ್ಟ್ ಬಡಿದಿದ್ದ ಎಂಬುದರಲ್ಲಿ ಸಂಶಯವಿರಲಿಲ್ಲ. ನೀಲಾ ಎಲ್ಲ ಕಡೆ "ಸದರಿ ಮಗು" ಆಗಿದ್ದಳು. ಸದರಿ ಮಗುವನ್ನು ಇಂದಿನ ದಿವಸ ತಮ್ಮ ಕಬಜಾಕ್ಕೆ ಕೊಟ್ಟಿದ್ದು, ಸದರಿ ಮಗುವಿನ ಮೇಲೆ ಯಾವ ಸಾಲದ ಬೋಜಾ ಇರುವುದಿಲ್ಲವೆಂದೂ, ತಾವು ವಂಶಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದೆಂದೂ ಬರೆದಿತ್ತು. ಮಗುವಿನ ಮೂಡಣ ಪಡುವಣಕ್ಕೆ ಯಾರ ಹೊಲವಿದೆ ಎಂಬುದೊಂದನ್ನು ಬಿಟ್ಟಿದ್ದರು. ಮೇಲೆ ಕಾಗುಣಿತದ ತಪ್ಪುಗಳು ಬೇರೆ. ಓದುತ್ತ ಓದುತ್ತ ನನ್ನ ಮೈ ಉರಿಯಿತು. ಸಾಲಿಯ ಚೀಲದಲ್ಲಿ ಕೆಂಪು ಶಾಯಿಯ ಪೆನ್ನಿತ್ತು. ಕಬಜಾ ಹೊಡೆದುಹಾಕಿ ಉಡಿ ಎಂದು ಬರೆದೆ. ಅನುಭವಿಸುವುದನ್ನು ಹೊಡೆದುಹಾಕಿ ಸಾಕಿ ಸಲಹುವುದನ್ನು ಬರೆದೆ. ಹ್ರಸ್ವ, ದೀರ್ಘ ಎಲ್ಲ ತಿದ್ದಿದೆ. ಕೊನೆಗೆ, ಹದಿನಾಲ್ಕು ವರ್ಷದ ಚಟ ನೋಡಿ, ಕೆಳಗೆ "ನೋಡಿದೆ" ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದೆ.

ಆ ಕಾಗದವನ್ನು ಬಿಚ್ಚಿದ ದಿನ ಹಂಚಿನಾಳ ವಕೀಲರು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ಏನೆಂದರು ಎಂಬುದನ್ನು ಬರೆಯುವುದಿಲ್ಲ. ಸ್ಟಾಂಪ್ ಪೇಪರು ಕೆಟ್ಟಿತು. ಹೊಸದು ತರಿಸಬೇಕಾಯಿತು. ಅದು ಬರುವಷ್ಟರಲ್ಲಿ ಟೈಪಿಸ್ಟನ ತಂಗಿಯ ಲಗ್ನ ಬಂತು, ಲಗ್ನ ಮುಗಿಯುವಷ್ಟರಲ್ಲಿ ವಕೀಲರಿಗೆ ಧಾರವಾಡದಲ್ಲಿ ಖಟ್ಲೆ ಬಂತು, ಅವರು ತಿರುಗಿ ಬರುವಷ್ಟರಲ್ಲಿ ಸಬ್‌ರಜಿಸ್ಟ್ರಾರರು ರಜೆಯ ಮೇಲೆ ಹೋದರು. ಅತ್ತ ನೀಲಾಳಿಗೆ ಜ್ವರ ಬಂದಿದೆಯೆಂದು ಕುಬಿಹಾಳದಿಂದ ಕಾರ್ಡು ಬಂತು. ಅದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ಉಡಿಯೋ ಕಬಜಾವೋ, ಏನಾದರೂ ಬರೆದುಕೊಳ್ಳಲಿ ಎಂದು ಬಿಟ್ಟಿದ್ದರೆ ಮಗು ಇಷ್ಟೊತ್ತಿಗೆ ನನ್ನ ಮಗ್ಗುಲಲ್ಲಿ ಇರುತ್ತಿತ್ತು. ವಕೀಲರನ್ನು ಬೈಯಲು ಬಾಯಿ ತೆರೆದಾಗಲೆಲ್ಲ ಆ ಕೆಂಪು ಶಾಯಿ ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಅಂತೂ ಒಂದು ದಿನ ಗೊತ್ತಾಯಿತು. ಶಾಂತವ್ವ ಹಿಂದಿನ ದಿನವೇ ನೀಲಾಳನ್ನು ಕರೆದುಕೊಂಡು ಮೊರಬಕ್ಕೆ ಬಂದಳು. ಬರೆದರಷ್ಟೇ ಆಗುವುದಿಲ್ಲ, ಕೊಟ್ಟದ್ದು ತೆಗೆದುಕೊಂಡದ್ದು ನಾಲ್ಕು ಮಂದಿಯ ಕಣ್ಣೆದುರಿಗೆ ಆಗಬೇಕು. ತಾಯಿ ಮಗುವನ್ನು ಎತ್ತಿ ಯಜಮಾನರ ತೊಡೆಯ ಮೇಲೆ ಕೂರಿಸಬೇಕು, ಅಕ್ಕೋರ ತೊಡೆಯ ಮೇಲಲ್ಲ ಎಂದು ವಕೀಲರು ಎರಡೆರಡು ಸಲ ಎಚ್ಚರಿಸಿ ಕಳಿಸಿದ್ದರು. ಮುಂಜಾನೆ ಲಿಂಗಪೂಜೆಯಾದ ಮೇಲೆ ಪಡಸಾಲೆಯಲ್ಲಿ ಕಂಬಳಿ ಹಾಸಿದೆವು. ಓಣಿಯ ಹಿರಿಯರು ಕುಳಿತರು. ಭಾವನವರೂ ಬಂದು ಬಾಗಿಲ ಬಳಿ ನಿಂತರು. ಶಾಂತವ್ವ ಮಗುವನ್ನು ಎತ್ತಿ ತಂದು ಯಜಮಾನರ ತೊಡೆಯ ಮೇಲೆ ಕೂರಿಸಿದಳು. ನೀಲಾ ಎಲ್ಲರನ್ನೂ ಒಮ್ಮೆ ನೋಡಿದಳು. ಮೆಲ್ಲಗೆ ಇಳಿದು, ಕಂಬಳಿ ದಾಟಿ ನಡೆದುಹೋಗಿ ತಾಯಿಯ ಸೆರಗು ಹಿಡಿದು ನಿಂತಳು. ಶಾಂತವ್ವ ಆಕೆಯ ಕೈ ಹಿಡಿದು ತಿರುಗಿ ಕರೆತಂದು, ಈ ಸಲ ತಾನೂ ಅಲ್ಲೇ ಕಂಬಳಿಯ ಅಂಚಿಗೆ ಕುಳಿತಳು. ನಾನು ಚಹಾ ತರುವ ನೆಪ ಮಾಡಿ ಒಳಗೆ ಹೋದೆ.

ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಸರದಿ ಬರುವವರೆಗೆ ಹೊರಗಿನ ಬಾಕಿನ ಮೇಲೆ ಕುಳಿತೆವು. ಶಾಂತವ್ವ ನೀಲಾಳ ತಲೆ ಬಾಚಿ ಹೆರಳು ಹಾಕುತ್ತ, ನನ್ನ ಕಡೆ ನೋಡದೆ, ಇಕಿಗೆ ಬೆಂಡೀಕಾಯಿ ಸೇರುವುದಿಲ್ಲ, ನಿದ್ದೆಯಲ್ಲಿ ಹೊದಿಕೆ ಒದೆಯುತ್ತಾಳೆ, ಗುಡುಗಿದರೆ ಹೆದರುತ್ತಾಳೆ ಎಂದು ಒಂದೊಂದೇ ಹೇಳಿದಳು. ಅಷ್ಟರಲ್ಲಿ ಕರೆದರು. ಸಾಹೇಬರು ಕಾಗದ ಓದಿ, ಶಾಂತವ್ವನನ್ನು ಕೇಳಿದರು, ಯಜಮಾನರನ್ನು ಕೇಳಿದರು. ಕೊನೆಗೆ ನನ್ನ ಕಡೆ ತಿರುಗಿ ಇದಕ್ಕೆ ನಿಮ್ಮ ಸಮ್ಮತಿ ಇದೆಯೇ ಎಂದರು. ನಾಲ್ಕು ತಿಂಗಳಿಂದ ಈ ಒಂದು ಪ್ರಶ್ನೆಗೆ ನಾನು ಉತ್ತರ ತಯಾರು ಮಾಡಿದ್ದೆ. ಇದು ಬರೀ ಸಮ್ಮತಿಯಲ್ಲ, ಈ ಮಗುವನ್ನು ಬೇಕೆಂದವಳೇ ನಾನು ಎಂದು ಸರಿಯಾಗಿ ನಾಲ್ಕು ವಾಕ್ಯ ಹೇಳುವವಳಿದ್ದೆ. ಬಾಯಿ ತೆರೆದೆ. ಅಳು ಬಂತು. ಸಣ್ಣ ಅಳುವಲ್ಲ, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದ ಅಳು.

ಸಾಹೇಬರು ಪೆನ್ನು ಕೆಳಗಿಟ್ಟರು. ಯಜಮಾನರನ್ನು ಕೆಕ್ಕರಿಸಿ ನೋಡಿದರು. "ಬಾಯಾರ, ಹೆದರಬ್ಯಾಡ್ರಿ. ಯಾರರೆ ಜುಲುಮಿ ಮಾಡ್ಯಾರೇನು?" ಎಂದು ನನ್ನನ್ನು ಕೇಳಿ, ಯಜಮಾನರಿಗೆ ಹೊರಗೆ ನಿಲ್ಲಲು ಹೇಳಿದರು. ಅವರು ಪಾಪ, ಟೋಪಿ ಕೈಯಲ್ಲಿ ಹಿಡಿದು ಹೊರಗೆ ಹೋದರು. ನಾನು ಇಲ್ಲ ಇಲ್ಲ ಎಂದು ಕೈಯಾಡಿಸಿದೆ. ಸಮ್ಮತಿ ಇಲ್ಲವೆಂದು ಅವರು ತಿಳಿದರು. ನಿಮ್ಮ ಮನೆಯಾಕೆಗೆ ಒಪ್ಪಿಗೆ ಇಲ್ಲದಂತಿದೆ, ನೋಂದಣಿ ಮಾಡಲು ಬರುವುದಿಲ್ಲ ಎಂದು ಬಾಗಿಲ ಕಡೆಗೆ ಕೂಗಿ ಹೇಳಿಯೂಬಿಟ್ಟರು. ಹಂಚಿನಾಳ ವಕೀಲರು ಹಣೆ ಹಣೆ ಬಡಿದುಕೊಂಡರು.

ಆಗ ಶಾಂತವ್ವ ಮುಂದೆ ಬಂದಳು. ಮೇಜಿನ ಅಂಚಿಗೆ ಕೈಯಿಟ್ಟು, ಸಾವಕಾಶವಾಗಿ ಹೇಳಿದಳು: "ಸಾಹೇಬ್ರ, ಕೊಡಾಕಿ ನಾನು. ಅಳೂದಿದ್ರ ನಾ ಅಳಬೇಕು. ಅಕೀ ಅಳೂದು ಬ್ಯಾರೆ ಐತ್ರಿ. ಎಲ್ಲಿ ಹೆಬ್ಬಟ್ಟು ಒತ್ತಬೇಕು ತೋರಸ್ರಿ, ನನಗ ಮುಂದಿನ ಬಸ್ಸಿಗೆ ಹೋಗೂದೈತಿ."

ಸಾಹೇಬರು ಶಾಯಿಯ ಪ್ಯಾಡು ಅವಳ ಮುಂದೆ ಸರಿಸಿದರು. ಯಜಮಾನರನ್ನು ಒಳಗೆ ಕರೆದರು. ನಾನು ಕಣ್ಣೊರೆಸಿಕೊಂಡು ತೋರಿಸಿದಲ್ಲಿ ಸಹಿ ಮಾಡಿದೆ. ಏನು ಬರೆದಿತ್ತು ಎಂದು ಓದಲೂ ಇಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ನಿಂತಿತ್ತು. ಶಾಂತವ್ವ ನೀಲಾಳ ಗಲ್ಲ ಸವರಿ, ಹತ್ತಿ, ಆ ಕಡೆಯ ಕಿಟಕಿಗೆ ಕುಳಿತಳು. ತಿರುಗಿ ನೋಡಲಿಲ್ಲ. ನೀಲಾ ಅಳಲಿಲ್ಲ; ಬಸ್ಸು ತಿರುವು ದಾಟುವವರೆಗೆ ನೋಡುತ್ತ ನಿಂತು, ಆಮೇಲೆ ನಮ್ಮ ಯಜಮಾನರ ಬೆರಳು ಹಿಡಿದಳು. ಮೊರಬದ ಬಸ್ಸಿನಲ್ಲಿ ಅವರ ತೊಡೆಯ ಮೇಲೆಯೇ ಕುಳಿತಳು. ತುಂಬಿದ ಬಸ್ಸು. ಕಂಡಕ್ಟರ್ ನುಗ್ಗಿಕೊಂಡು ಬಂದು, ಮಗುವನ್ನು ನೋಡಿ, "ಈಕಿ ನಿಮ್ಮಾಕೇನ್ರಿ ಅಕ್ಕೋರ?" ಎಂದ.

ನಾನು ಚೀಲದ ಬಾಯಿ ಬಿಚ್ಚಿ, ನೋಂದಣಿಯ ರಸೀದಿ ಹೊರತೆಗೆದು, ಮಡಿಕೆ ಬಿಡಿಸಿ ಅವನ ಮುಂದೆ ಹಿಡಿದೆ. ದತ್ತಕ ಪತ್ರ ಇಂದೇ ನೋಂದಣಿಯಾಗಿದೆ, ತೆಗೆದುಕೊಂಡವರು ಇವರು, ತಾಯಿ ಒಪ್ಪಿ ಕೊಟ್ಟಿದ್ದಾಳೆ, ನನ್ನದೂ ಸಮ್ಮತಿ ಇದೆ ಎಂದು ಒಂದೇ ಉಸಿರಿಗೆ ಹೇಳಿದೆ. ಕಂಡಕ್ಟರ್ ಕೊನೆಯವರೆಗೂ ಮರ್ಯಾದೆಯಿಂದ ಕೇಳಿದ. ಆಮೇಲೆ, "ಅಲ್ರೀ, ಹಾಫ್ ಟಿಕೆಟ್ ಹರೀಲೋ ಬ್ಯಾಡೋ ಅಂತ ಕೇಳಿದೆ," ಎಂದ.

ಇಡೀ ಬಸ್ಸು ನಕ್ಕಿತು. ಯಜಮಾನರೂ ನಕ್ಕರು. ಎಲ್ಲರೂ ನಗುವುದನ್ನು ನೋಡಿ, ಮುಂಜಾನೆಯಿಂದ ತುಟಿ ಬಿಚ್ಚದಿದ್ದ ನೀಲಾ ಕೂಡ ಕಿಸಕ್ಕನೆ ನಕ್ಕಳು. ಟಿಕೀಟು ಹರಿಸಿಕೊಂಡು ಅವಳ ಕೈಗೆ ಕೊಟ್ಟೆ. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಮೊರಬ ಬರುವವರೆಗೂ, ಆ ಮಾತನ್ನು ಯಾರಾದರೂ ಇನ್ನೊಮ್ಮೆ ಕೇಳಲಿ ಎಂದು ಅಕ್ಕಪಕ್ಕದವರ ಮುಖ ನೋಡುತ್ತ ಕುಳಿತೆ. ಯಾರೂ ಕೇಳಲಿಲ್ಲ.